ಪುಟ್ಟ ಕ್ಯಾಮರಾವನ್ನು ಒರೆಗೆ ಹಚ್ಚೋಣ



ಸಂತೆಯಲ್ಲಿ ಮಣ್ಣಿನ ಮಡಕೆ ಕೊಳ್ಳುವವರನ್ನು ನೀವು ನೋಡಿರಬಹುದು. ಅವರು ಬಣ್ಣ ನೋಡಿ ದುಡ್ಡು ಕೊಡುವುದಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಸದ್ದು ಕಣಕಣ ಎಂದರೆ ಮಡಕೆ ಗಟ್ಟಿ. ಒಡಕು ಸದ್ದು ಬಂದರೆ ಎಲ್ಲೋ ಬಿರುಕಿದೆ ಎಂದು ಪಕ್ಕಕ್ಕಿಡುತ್ತಾರೆ. ಇದೂ ಒಂದು ಪ್ರಯೋಗವೇ.

ಹಾಗಾದರೆ ಒಂದು ಡಿಜಿಟಲ್ ಕ್ಯಾಮರಾವನ್ನು ಪರೀಕ್ಷಿಸುವುದು ಹೇಗೆ? ಅದನ್ನು ತಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ. ಜಾಹೀರಾತಿನ ದೊಡ್ಡ ಅಂಕಿಗಳನ್ನು ನಂಬಿದರೆ ಮೋಸ ಹೋಗಬಹುದು.

ಇಂದು ಹೆಚ್ಚಿನವರು ಮೊಬೈಲ್ ಫೋನಿನಲ್ಲೇ ಚಿತ್ರ ತೆಗೆಯುತ್ತಾರೆ. ಆದರೂ ಹಲವು ಶಾಲೆಗಳ ಕಪಾಟಿನಲ್ಲಿ, ಮನೆಗಳ ಪೆಟ್ಟಿಗೆಯಲ್ಲಿ ಅಂಗೈಯಗಲದ ಹಳೆಯ ಕ್ಯಾಮರಾಗಳು ಉಳಿದಿವೆ. ಅಂಥದ್ದನ್ನು ಕಡಿಮೆ ಬೆಲೆಗೆ ಕೊಂಡು ವಿಜ್ಞಾನ ಯೋಜನೆಗೆ ಬಳಸೋಣ ಎಂಬ ಮಾತೂ ಕೆಲವು ಕಡೆ ಬರುತ್ತದೆ. ಶಾಲೆಯ ಹಣ ಊರಿನ ಹಣ. ಅದನ್ನು ಖರ್ಚು ಮಾಡುವ ಮೊದಲು 'ಈ ಉಪಕರಣ ನಮ್ಮ ಕೆಲಸಕ್ಕೆ ಆಗುತ್ತದೆಯೇ?' ಎಂದು ಕೇಳಲೇಬೇಕು. ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ಈ ಪಾಠದಲ್ಲಿ ಕಲಿಯೋಣ.

ನಾವು ಪರೀಕ್ಷಿಸುವ ಕ್ಯಾಮರಾ

ಉದಾಹರಣೆಗೆ 2007ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾನನ್ ಪವರ್‌ಶಾಟ್ ಎ570 ಐಎಸ್ ಎಂಬ ಮಾದರಿಯನ್ನು ತೆಗೆದುಕೊಳ್ಳೋಣ. ಆ ಕಾಲದ ಕಡಿಮೆ ಬೆಲೆಯ ಪುಟ್ಟ ಕ್ಯಾಮರಾಗಳಲ್ಲಿ ಇದೂ ಒಂದು. ಈಗ ಇದರ ತಯಾರಿಕೆ ನಿಂತಿದೆ. ಇದರ ಮುಖ್ಯ ವಿವರಗಳು ಹೀಗಿವೆ:

* ಚಿತ್ರದ ಗಾತ್ರ: ಅಡ್ಡಕ್ಕೆ 3072, ಉದ್ದಕ್ಕೆ 2304 ಚುಕ್ಕೆಗಳು
* ಮಸೂರದ ಝೂಮ್: 4 ಪಟ್ಟು
* ಹಿಂಬದಿಯ ಪರದೆ: 2.5 ಅಂಗುಲ
* ಶಕ್ತಿ: ಎರಡು ಪೆನ್ಸಿಲ್ ಸೆಲ್
* ಸಂಗ್ರಹ: ಎಸ್‌ಡಿ ಕಾರ್ಡ್
* ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ: ಇದೆ
* ಕಣ್ಣಿಟ್ಟು ನೋಡುವ ಕಿಂಡಿ: ಇದೆ

ನಿಮ್ಮ ಬಳಿ ಇರುವುದು ಬೇರೆ ಕಂಪನಿಯ ಕ್ಯಾಮರಾ ಆಗಿರಬಹುದು. ಚಿಂತೆಯಿಲ್ಲ. ಅಂಕಿಗಳು ಬದಲಾಗುತ್ತವೆ, ಪರೀಕ್ಷೆಯ ವಿಧಾನ ಬದಲಾಗುವುದಿಲ್ಲ.

ಒಳಗೆ ನಡೆಯುವುದೇನು?

ಪೀನ ಮಸೂರವು ಗೋಡೆಯ ಮೇಲೆ ಕಿಟಕಿಯ ತಲೆಕೆಳಗಾದ ಬಿಂಬವನ್ನು ಮೂಡಿಸುವುದನ್ನು ನೀವು ತರಗತಿಯಲ್ಲಿ ನೋಡಿದ್ದೀರಿ. ಕ್ಯಾಮರಾದಲ್ಲೂ ಇದೇ ನಡೆಯುತ್ತದೆ. ಆದರೆ ಗೋಡೆಯ ಬದಲು ಒಂದು ಪುಟ್ಟ ಸಿಲಿಕಾನ್ ಬಿಲ್ಲೆ ಇರುತ್ತದೆ. ಇದೇ ಸಂವೇದಕ. ನಮ್ಮ ಉದಾಹರಣೆಯ ಕ್ಯಾಮರಾದಲ್ಲಿ ಇದರ ಅಗಲ ಸುಮಾರು 5.8 ಮಿ.ಮೀ., ಎತ್ತರ ಸುಮಾರು 4.3 ಮಿ.ಮೀ. ಅಂದರೆ ಒಂದು ತೊಗರಿ ಬೇಳೆಯಷ್ಟು!

ಆ ಬೇಳೆಯ ಮೇಲೆ ಸುಮಾರು 70 ಲಕ್ಷ ಬೆಳಕಿನ ಕೋಶಗಳನ್ನು ಸಾಲಾಗಿ ಜೋಡಿಸಿದ್ದಾರೆ. ಒಂದೊಂದು ಕೋಶದ ಅಗಲ ಒಂದು ಮಿಲಿಮೀಟರಿನ ಸಾವಿರದ ಎರಡು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ನಿಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಕೋಶಗಳು ಸಾಲಾಗಿ ನಿಲ್ಲಬಲ್ಲವು. ಕೋಶದ ಮೇಲೆ ಬೆಳಕು ಬಿದ್ದಾಗ ಅಲ್ಲಿ ವಿದ್ಯುದಾವೇಶ ಉಂಟಾಗುತ್ತದೆ. ಹೆಚ್ಚು ಬೆಳಕು ಬಿದ್ದರೆ ಹೆಚ್ಚು ಆವೇಶ. ಕ್ಯಾಮರಾ ಅದನ್ನು ಅಳೆದು ಅಂಕಿಯಾಗಿ ಬರೆದಿಡುತ್ತದೆ. ಹೀಗೆ ಒಂದು ಚಿತ್ರವೆಂದರೆ ಲಕ್ಷಾಂತರ ಅಂಕಿಗಳ ಪಟ್ಟಿ. ಚಿತ್ರದ ಒಂದು ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್.

ಕೋಶಕ್ಕೆ ಬಣ್ಣ ತಿಳಿಯುವುದಿಲ್ಲ, ಬೆಳಕಿನ ಪ್ರಮಾಣ ಮಾತ್ರ ತಿಳಿಯುತ್ತದೆ. ಅದಕ್ಕಾಗಿ ಕೋಶಗಳ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳ ಹೊದಿಕೆ ಇರುತ್ತದೆ. ಅದರಲ್ಲಿ ಅರ್ಧದಷ್ಟು ಹಸಿರು, ಉಳಿದರ್ಧದಲ್ಲಿ ಕೆಂಪು ಮತ್ತು ನೀಲಿ ಸಮಪಾಲು. ಅಕ್ಕಪಕ್ಕದ ಕೋಶಗಳ ಅಂಕಿಗಳನ್ನು ಹೋಲಿಸಿ ಕ್ಯಾಮರಾ ಪ್ರತಿ ಚುಕ್ಕೆಯ ಬಣ್ಣವನ್ನು ಲೆಕ್ಕ ಹಾಕುತ್ತದೆ.

ನಿಮಗಿದು ಗೊತ್ತೆ?
ಈ ಕ್ಯಾಮರಾದಲ್ಲಿರುವ ಸಿಸಿಡಿ ಎಂಬ ಬಗೆಯ ಸಂವೇದಕವನ್ನು ರೂಪಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್; ವರ್ಷ 1969. ಇದಕ್ಕಾಗಿ 2009ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮರಾ ಕಟ್ಟಿದರು. ಅದರ ತೂಕ ಸುಮಾರು 3.6 ಕಿ.ಗ್ರಾಂ. ಚಿತ್ರದಲ್ಲಿ ಇದ್ದುದು ಕೇವಲ 10,000 ಚುಕ್ಕೆಗಳು, ಅದೂ ಕಪ್ಪು ಬಿಳುಪು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ಬೇಕಾಗುತ್ತಿತ್ತು.

ಈಗ ಪರೀಕ್ಷೆಗಳನ್ನು ಒಂದೊಂದಾಗಿ ಮಾಡೋಣ.

ಪರೀಕ್ಷೆ 1: ಎಷ್ಟು ಮೆಗಾಪಿಕ್ಸೆಲ್ ಸಾಕು?

3072ನ್ನು 2304ರಿಂದ ಗುಣಿಸಿ. 70,77,888 ಬರುತ್ತದೆ. ಇದೇ '7.1 ಮೆಗಾಪಿಕ್ಸೆಲ್' ಎಂಬುದರ ಅರ್ಥ. ಇದು ಹೆಚ್ಚೋ ಕಡಿಮೆಯೋ?

ಒಳ್ಳೆಯ ಮುದ್ರಣಕ್ಕೆ ಒಂದು ಅಂಗುಲದಲ್ಲಿ 300 ಚುಕ್ಕೆಗಳಿದ್ದರೆ ಸಾಕು. 3072ನ್ನು 300ರಿಂದ ಭಾಗಿಸಿದರೆ ಸುಮಾರು 10. 2304ನ್ನು 300ರಿಂದ ಭಾಗಿಸಿದರೆ ಸುಮಾರು ಏಳೂವರೆ. ಅಂದರೆ 10 ಅಂಗುಲ ಅಗಲದ ಚಿತ್ರವನ್ನು ಚೊಕ್ಕವಾಗಿ ಮುದ್ರಿಸಬಹುದು. ನಿಮ್ಮ ಯೋಜನೆಯ ಚಾರ್ಟ್‌ಗೆ ಅಂಟಿಸುವ ಚಿತ್ರ ಸಾಮಾನ್ಯವಾಗಿ 6 ಅಂಗುಲ ಅಗಲದ್ದು. ಅದಕ್ಕೆ 3 ಮೆಗಾಪಿಕ್ಸೆಲ್ ಇದ್ದರೂ ಸಾಕು.

ಇನ್ನೊಂದು ಮಾತು. 14 ಮೆಗಾಪಿಕ್ಸೆಲ್ ಕ್ಯಾಮರಾ 7 ಮೆಗಾಪಿಕ್ಸೆಲ್ ಕ್ಯಾಮರಾಗಿಂತ ಎರಡು ಪಟ್ಟು ಸೂಕ್ಷ್ಮವೇ? ಅಲ್ಲ. ಚೌಕಾಕಾರದ ಹೊಲದ ವಿಸ್ತೀರ್ಣ ಎರಡು ಪಟ್ಟಾದರೆ ಅದರ ಬದಿ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಮಾತ್ರ ಆಗುತ್ತದೆ. ಚಿತ್ರಕ್ಕೂ ಅದೇ ಲೆಕ್ಕ. ಸೂಕ್ಷ್ಮತೆ ಎರಡು ಪಟ್ಟಾಗಲು ಚುಕ್ಕೆಗಳು ನಾಲ್ಕು ಪಟ್ಟಾಗಬೇಕು. ಮಸೂರವೂ ಅಷ್ಟು ಚೊಕ್ಕವಾಗಿರಬೇಕು.

ತೀರ್ಮಾನ: ಶಾಲೆಯ ಕೆಲಸಕ್ಕೆ 7 ಮೆಗಾಪಿಕ್ಸೆಲ್ ಧಾರಾಳ. ಬರೀ ಈ ಅಂಕಿ ನೋಡಿ ಕ್ಯಾಮರಾ ಕೊಳ್ಳಬಾರದು.

ಪರೀಕ್ಷೆ 2: ನಿಜವಾದ ಝೂಮ್, ಹುಸಿ ಝೂಮ್

ಝೂಮ್‌ನಲ್ಲಿ ಎರಡು ಬಗೆ. ಮಸೂರಗಳು ಮುಂದೆ ಹಿಂದೆ ಸರಿದು ಬಿಂಬವನ್ನೇ ದೊಡ್ಡದು ಮಾಡುವುದು ನಿಜವಾದ ಝೂಮ್. ತೆಗೆದ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು ಡಿಜಿಟಲ್ ಝೂಮ್. ಇದರಲ್ಲಿ ಹೊಸ ವಿವರ ಏನೂ ಸೇರುವುದಿಲ್ಲ. ರಬ್ಬರ್ ಬಲೂನಿನ ಮೇಲೆ ಪುಟ್ಟ ಚಿತ್ರ ಬರೆದು ಊದಿದಂತೆ. ಚಿತ್ರ ದೊಡ್ಡದಾಯಿತು, ಆದರೆ ಗೆರೆಗಳು ಅಷ್ಟೇ.

ನಮ್ಮ ಉದಾಹರಣೆಯಲ್ಲಿ ಮಸೂರದ ಝೂಮ್ 4 ಪಟ್ಟು, ಡಿಜಿಟಲ್ ಝೂಮ್ ಮತ್ತೆ 4 ಪಟ್ಟು. ಎರಡನ್ನೂ ಗುಣಿಸಿ 16 ಪಟ್ಟು ಎಂದು ಹೇಳಬಹುದು. ಆದರೆ ಡಿಜಿಟಲ್ ಝೂಮ್ ಪೂರ್ತಿ ಬಳಸಿದಾಗ ಕೆಲಸಕ್ಕೆ ಬರುವುದು 768 × 576, ಅಂದರೆ ನಾಲ್ಕೂವರೆ ಲಕ್ಷಕ್ಕಿಂತಲೂ ಕಡಿಮೆ ಚುಕ್ಕೆಗಳು. ಉಳಿದವು ಬೇಕಾಗುವುದೇ ಇಲ್ಲ. ಆದ್ದರಿಂದ ಡಿಜಿಟಲ್ ಝೂಮ್ ಅನ್ನು ಲೆಕ್ಕದಿಂದ ಬಿಟ್ಟುಬಿಡಿ.

ಮಾಡಿ ನೋಡಿ: ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅರ್ಧರ್ಧ ಮೀಟರಿಗೆ ಗುರುತು ಹಾಕಿ. 20 ಮೀಟರ್ ದೂರ ಅಳೆದು ಅಲ್ಲಿ ನಿಂತು, ಮಸೂರದ ಝೂಮ್ ಪೂರ್ತಿ ಚಾಚಿ ಚಿತ್ರ ತೆಗೆಯಿರಿ. ಚಿತ್ರದಲ್ಲಿ ಗೋಡೆಯ ಎಷ್ಟು ಮೀಟರ್ ಬಂದಿದೆ ಎಂದು ಎಣಿಸಿ.

ನಮ್ಮ ಉದಾಹರಣೆಯ ಕ್ಯಾಮರಾದಲ್ಲಿ ಸುಮಾರು 5 ಮೀಟರ್ ಬರುತ್ತದೆ. 3072 ಚುಕ್ಕೆಗಳು 5 ಮೀಟರಿಗೆ ಹಂಚಿಹೋದರೆ ಒಂದು ಮೀಟರಿಗೆ ಸುಮಾರು 614 ಚುಕ್ಕೆಗಳು. ಈಗ ಕೆರೆಯ ಅಂಚಿನಲ್ಲಿ 20 ಮೀಟರ್ ದೂರದಲ್ಲಿ ಒಂದು ಸಣ್ಣ ಮಿಂಚುಳ್ಳಿ ಕುಳಿತಿದೆ ಎಂದುಕೊಳ್ಳಿ. ಅದರ ಉದ್ದ ಸುಮಾರು 17 ಸೆಂ.ಮೀ. ಅದರ ಪಾಲಿಗೆ ಬರುವುದು ಸುಮಾರು 104 ಚುಕ್ಕೆ ಮಾತ್ರ. ಒಳ್ಳೆಯ ಮುದ್ರಣದಲ್ಲಿ ಹಕ್ಕಿ ಕಡಲೆಕಾಳಿನಷ್ಟು ಕಾಣುತ್ತದೆ! ಕೊಕ್ಕು, ಕಾಲು, ಗರಿಯ ಗುರುತುಗಳು ಸ್ಪಷ್ಟವಾಗುವುದಿಲ್ಲ. ಅದೇ ಜಾಗದಲ್ಲಿ ಒಂದು ಮೀಟರ್ ಎತ್ತರದ ಬೂದು ಬಕ ನಿಂತಿದ್ದರೆ ಅದಕ್ಕೆ 600ಕ್ಕೂ ಹೆಚ್ಚು ಚುಕ್ಕೆ ಸಿಗುತ್ತವೆ. ಅದನ್ನು ಗುರುತಿಸಲು ತೊಂದರೆಯಿಲ್ಲ.

ತೀರ್ಮಾನ: ದೊಡ್ಡ ನೀರುಹಕ್ಕಿಗಳ ದಾಖಲೆಗೆ ಈ ಕ್ಯಾಮರಾ ಆದೀತು. ದೂರದ ಸಣ್ಣ ಹಕ್ಕಿಗಳಿಗೆ ಆಗದು.

ಪರೀಕ್ಷೆ 3: ಬೆಳಕು ಕಡಿಮೆಯಾದಾಗ

ಪುಟ್ಟ ಕ್ಯಾಮರಾಗಳ ದೊಡ್ಡ ದೌರ್ಬಲ್ಯ ಇದು. ಕಾರಣವನ್ನು ಮಳೆಯ ಮೂಲಕ ತಿಳಿಯೋಣ. ತುಂತುರು ಮಳೆಯಲ್ಲಿ ಐದು ಬಾಟಲಿ ಮುಚ್ಚಳಗಳನ್ನೂ ಐದು ಊಟದ ತಟ್ಟೆಗಳನ್ನೂ ಕೆಲವು ಕ್ಷಣ ಇಡಿ. ಒಂದು ಮುಚ್ಚಳದಲ್ಲಿ 3 ಹನಿ, ಪಕ್ಕದ್ದರಲ್ಲಿ 7 ಹನಿ ಬಿದ್ದಿರಬಹುದು. ಮುಚ್ಚಳಗಳನ್ನು ಮಾತ್ರ ನೋಡಿದವರು 'ಅಲ್ಲಿ ಮಳೆ ಹೆಚ್ಚು, ಇಲ್ಲಿ ಕಡಿಮೆ' ಎಂದಾರು. ತಟ್ಟೆಗಳಲ್ಲಾದರೋ ನೂರಾರು ಹನಿ ಬಿದ್ದು, ಎಲ್ಲದರಲ್ಲೂ ಹೆಚ್ಚುಕಡಿಮೆ ಸಮನಾಗಿ ಕಾಣುತ್ತದೆ.

ಬೆಳಕು ಕೂಡ ಹನಿಹನಿಯಾಗಿಯೇ ಬೀಳುತ್ತದೆ. ಆ ಹನಿಗಳಿಗೆ ಫೋಟಾನ್ ಎಂದು ಹೆಸರು. ಹಿಂದಿನ ಫಿಲ್ಮ್ ಕ್ಯಾಮರಾಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಫಿಲ್ಮಿನ ಒಂದು ಚೌಕಟ್ಟು 36 ಮಿ.ಮೀ. × 24 ಮಿ.ಮೀ. ನಮ್ಮ ತೊಗರಿ ಬೇಳೆ ಸಂವೇದಕ ಅದರ ಸುಮಾರು ಮೂವತ್ತೈದನೆಯ ಒಂದು ಭಾಗ. ಅದರ ಮೇಲೆ 70 ಲಕ್ಷ ಮುಚ್ಚಳಗಳು! ಬಿಸಿಲಿನಲ್ಲಿ ಬೆಳಕಿನ ಜಡಿಮಳೆ ಇರುವುದರಿಂದ ತೊಂದರೆಯಿಲ್ಲ. ಮುಸ್ಸಂಜೆಯಲ್ಲಿ, ತರಗತಿಯ ಒಳಗೆ, ಒಂದೊಂದು ಕೋಶಕ್ಕೆ ಸಿಗುವ ಬೆಳಕು ಅತ್ಯಲ್ಪ. ಆಗ ಕ್ಯಾಮರಾ ಐಎಸ್ಒ ಎಂಬ ಅಂಕಿಯನ್ನು ಏರಿಸಿ ಸಂಕೇತವನ್ನು ಹಿಗ್ಗಿಸುತ್ತದೆ. ಜೊತೆಗೆ ಏರುಪೇರೂ ಹಿಗ್ಗುತ್ತದೆ. ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವುದು ಇದರಿಂದಲೇ.

ಮಾಡಿ ನೋಡಿ: ಒಂದೇ ಪುಸ್ತಕದ ಚಿತ್ರವನ್ನು ಮೊದಲು ಬಿಸಿಲಿನಲ್ಲಿ, ಆಮೇಲೆ ಕೋಣೆಯ ಮೂಲೆಯಲ್ಲಿ ತೆಗೆಯಿರಿ. ಎರಡನ್ನೂ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಅಕ್ಷರಗಳ ಅಂಚನ್ನು ಹೋಲಿಸಿ.

ಝೂಮ್ ಚಾಚಿದಾಗ ಇನ್ನೊಂದು ನಷ್ಟವಿದೆ. ಈ ಕ್ಯಾಮರಾದಲ್ಲಿ ಝೂಮ್ ಪೂರ್ತಿ ಚಾಚಿದರೆ, ಸಂವೇದಕದ ಮೇಲೆ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಆಗ ಕೈ ಸ್ವಲ್ಪ ನಡುಗಿದರೂ ಚಿತ್ರ ಕದಡುತ್ತದೆ. ನಡುಕ ಸರಿದೂಗಿಸುವ ವ್ಯವಸ್ಥೆ ಇಲ್ಲಿ ನೆರವಿಗೆ ಬರುತ್ತದೆ: ಕೈ ಅಲುಗಿದಾಗ ಒಳಗಿನ ಒಂದು ಮಸೂರ ಅದಕ್ಕೆ ತಕ್ಕಂತೆ ಸರಿದು ಬಿಂಬವನ್ನು ನಿಲ್ಲಿಸುತ್ತದೆ. ಕಡಿಮೆ ಬೆಲೆಯ ಕ್ಯಾಮರಾದಲ್ಲಿ ಇದು ಒಳ್ಳೆಯ ಗುಣ. ಆದರೆ ಎದುರಿನ ಹುಡುಗಿ ಕುಣಿಯುತ್ತಿದ್ದರೆ ಅವಳ ಚಲನೆಯನ್ನು ಇದು ನಿಲ್ಲಿಸಲಾರದು.

ಫ್ಲ್ಯಾಶ್ ಬಳಸಬಹುದಲ್ಲ ಎಂದು ನೀವು ಕೇಳಬಹುದು. ಪುಟ್ಟ ಫ್ಲ್ಯಾಶಿನ ಬೆಳಕು ಮೂರು ನಾಲ್ಕು ಮೀಟರ್ ದೂರಕ್ಕೆ ಸಾಕು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ, ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಿಂದ ಫ್ಲ್ಯಾಶ್ ಹಾಕಿದರೆ ಮುಂದಿನವರ ತಲೆಗಳು ಮಾತ್ರ ಬೆಳಗುತ್ತವೆ.

ಪರೀಕ್ಷೆ 4: ಹತ್ತಿರದ ವಸ್ತು

ಇಲ್ಲಿ ಪುಟ್ಟ ಕ್ಯಾಮರಾ ಗೆಲ್ಲುತ್ತದೆ! ಹೂವಿನ ಗುರುತಿರುವ ಗುಂಡಿ ಒತ್ತಿದರೆ, ಝೂಮ್ ಚಾಚದೆ, ಮಸೂರದಿಂದ 5 ಸೆಂ.ಮೀ. ದೂರದ ವಸ್ತುವನ್ನು ತೆಗೆಯಬಹುದು. ಆಗ ಒಂದು ಬೆಂಕಿಪೊಟ್ಟಣ ಚಿತ್ರದ ಅಗಲವನ್ನು ಹೆಚ್ಚುಕಡಿಮೆ ತುಂಬುತ್ತದೆ. ಒಂದು ಮಿಲಿಮೀಟರಿಗೆ ಹತ್ತಾರು ಚುಕ್ಕೆಗಳು ಸಿಗುತ್ತವೆ. ಎಲೆಯ ನಾಳ, ಮೊಳಕೆಯ ಬೇರು, ಇರುವೆಯ ಕಾಲು ಚೆನ್ನಾಗಿ ಕಾಣುತ್ತವೆ.

ಇನ್ನೊಂದು ಲಾಭವೂ ಇದೆ. ಸಂವೇದಕ ಚಿಕ್ಕದಾದ್ದರಿಂದ ಅದರ ಮಸೂರದ ಸಂಗಮ ದೂರವೂ ಚಿಕ್ಕದು. ಹಾಗಾಗಿ ಮುಂದಿನದೂ ಹಿಂದಿನದೂ ಒಟ್ಟಿಗೆ ಸ್ಪಷ್ಟವಾಗಿ ಮೂಡುವ ಸಾಧ್ಯತೆ ಹೆಚ್ಚು. ನೋಡಿ, ಕತ್ತಲಲ್ಲಿ ದೋಷವಾಗಿದ್ದ ಚಿಕ್ಕ ಗಾತ್ರವೇ ಇಲ್ಲಿ ಗುಣವಾಯಿತು!

ಒಂದು ಎಚ್ಚರ: ಹತ್ತಿರದ ಚಿತ್ರ ತೆಗೆಯುವಾಗ ಕಿಂಡಿಯಲ್ಲಿ ನೋಡಬೇಡಿ. ಕಿಂಡಿ ಮಸೂರದ ಪಕ್ಕದಲ್ಲಿರುವುದರಿಂದ ಅದು ಕಾಣುವುದೇ ಬೇರೆ, ಮಸೂರ ಕಾಣುವುದೇ ಬೇರೆ. ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ, ಕಾರಣ ತಿಳಿಯುತ್ತದೆ. ಹತ್ತಿರದ ಚಿತ್ರಕ್ಕೆ ಹಿಂಬದಿಯ ಪರದೆ ನೋಡಿ. ಪರದೆ ಕಾಣದಷ್ಟು ಬಿಸಿಲಿದ್ದಾಗ, ದೂರದ ದೃಶ್ಯಕ್ಕೆ ಕಿಂಡಿ ಉಪಕಾರಿ.

ಪರೀಕ್ಷೆ 5: ಗುಂಡಿ ಒತ್ತಿದ ಮೇಲೆ ಎಷ್ಟು ತಡ?

ಮಾಡಿ ನೋಡಿ: ನೂರನೆಯ ಒಂದು ಸೆಕೆಂಡನ್ನೂ ತೋರಿಸುವ ಸ್ಟಾಪ್‌ವಾಚ್ ಎದುರಿಗಿಡಿ. ಅದು 10.00 ತೋರಿಸುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿ. ಚಿತ್ರದಲ್ಲಿ ಯಾವ ಅಂಕಿ ಮೂಡಿದೆ ನೋಡಿ. 10.45 ಇದ್ದರೆ ತಡ 0.45 ಸೆಕೆಂಡು. ಹತ್ತು ಬಾರಿ ಮಾಡಿ ಸರಾಸರಿ ತೆಗೆಯಿರಿ. ಒಂದೇ ಬಾರಿಯ ಅಳತೆಯನ್ನು ನಂಬಬೇಡಿ. ನಿಮ್ಮ ಬೆರಳೂ ಹಿಂದೆ ಮುಂದೆ ಆಗುತ್ತದೆ.

ಅರ್ಧ ಸೆಕೆಂಡು ತಡವೆಂದರೆ ಕಡಿಮೆಯಲ್ಲ. ಸೆಕೆಂಡಿಗೆ 5 ಮೀಟರ್ ಓಡುವ ಹುಡುಗ ಅಷ್ಟರಲ್ಲಿ ಎರಡೂವರೆ ಮೀಟರ್ ಹೋಗಿರುತ್ತಾನೆ. ತಡಕ್ಕೆ ಮುಖ್ಯ ಕಾರಣ ಕ್ಯಾಮರಾ ಫೋಕಸ್ ಹುಡುಕುವುದು. ಗುಂಡಿಯನ್ನು ಮೊದಲೇ ಅರ್ಧ ಒತ್ತಿ ಹಿಡಿದು, ಬೇಕಾದ ಕ್ಷಣದಲ್ಲಿ ಪೂರ್ತಿ ಒತ್ತಿದರೆ ತಡ ಬಹಳಷ್ಟು ಕಡಿಮೆಯಾಗುತ್ತದೆ. ಸ್ಟಾಪ್‌ವಾಚ್ ಪ್ರಯೋಗವನ್ನು ಎರಡೂ ವಿಧಾನದಲ್ಲಿ ಮಾಡಿ ವ್ಯತ್ಯಾಸ ಬರೆದುಕೊಳ್ಳಿ.

ಸೆಲ್ಲಿನ ವಿಚಾರ

ಪೆನ್ಸಿಲ್ ಸೆಲ್ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಇದು ಅನುಕೂಲ. ಆದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹಾಕಿದರೆ ಕೆಲವೇ ಚಿತ್ರಗಳಿಗೆ ಕ್ಯಾಮರಾ ಮಲಗುತ್ತದೆ. ಗಡಿಯಾರ ಹೀರುವುದು ತೀರಾ ಸಣ್ಣ ವಿದ್ಯುತ್ ಪ್ರವಾಹ. ಕ್ಯಾಮರಾ ಒಮ್ಮೆಲೇ ಹೆಚ್ಚು ಪ್ರವಾಹ ಕೇಳುತ್ತದೆ. ಅಗ್ಗದ ಸೆಲ್ ಅದನ್ನು ಕೊಡಲಾರದು. ಮರಳಿ ಚಾರ್ಜ್ ಮಾಡಬಹುದಾದ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ ಒಳ್ಳೆಯದು. ಅದರ ಮೇಲೆ 1.2 ವೋಲ್ಟ್ ಎಂದೇ ಬರೆದಿದ್ದರೂ ಹೆಚ್ಚು ಪ್ರವಾಹವನ್ನು ಸ್ಥಿರವಾಗಿ ಕೊಡುತ್ತದೆ. ಕ್ಯಾಮರಾದ ಬೆಲೆಗೆ ಈ ಸೆಲ್ ಮತ್ತು ಚಾರ್ಜರಿನ ಬೆಲೆಯನ್ನೂ ಕೂಡಿಸಿಯೇ 'ಅಗ್ಗವೇ?' ಎಂದು ಕೇಳಬೇಕು. ಹಲವು ದಿನ ಬಳಸದಿದ್ದರೆ ಸೆಲ್ ತೆಗೆದಿಡಿ. ಸೋರಿದರೆ ಕ್ಯಾಮರಾ ಹಾಳಾಗುತ್ತದೆ.

ಹಳೆಯದನ್ನು ಕೊಳ್ಳುವಾಗ

ಮಸೂರ ಸದ್ದಿಲ್ಲದೆ ಹೊರಬಂದು ಒಳಹೋಗುತ್ತದೆಯೇ ನೋಡಿ. ಸೆಲ್ ಮುಚ್ಚಳ ಬಿಗಿಯಾಗಿ ಕೂರಬೇಕು. ಬಿಳಿ ಗೋಡೆಯ ಚಿತ್ರ ತೆಗೆದು ಕಪ್ಪು ಕಲೆ ಇದೆಯೇ ಹುಡುಕಿ. ಮಸೂರದೊಳಗೆ ಜೇಡರ ಬಲೆಯಂತಹ ಎಳೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ತೇವದಲ್ಲಿ ಇದು ಬೇಗ ಬೆಳೆಯುತ್ತದೆ. ಅಂಥದ್ದನ್ನು ಕೊಳ್ಳಬೇಡಿ.

ತೀರ್ಪು

ಕೆಲಸ ಯಾವುದೆಂದು ಹೇಳದೆ 'ಈ ಕ್ಯಾಮರಾ ಒಳ್ಳೆಯದೇ?' ಎಂದು ಕೇಳಿದರೆ ಉತ್ತರವಿಲ್ಲ. ಕುಡುಗೋಲು ಒಳ್ಳೆಯದೋ ಕೊಡಲಿಯೋ ಎಂದು ಕೇಳಿದಂತೆ. ಕೊಯ್ಯುವುದು ಹುಲ್ಲನ್ನೋ ಮರವನ್ನೋ ಎಂಬುದು ಮೊದಲು ತಿಳಿಯಬೇಕು.

* ಎಲೆ, ಹೂವು, ಕೀಟ, ಮೊಳಕೆ: ತುಂಬಾ ಒಳ್ಳೆಯದು
* ಬಿಸಿಲಿನಲ್ಲಿ ಊರು, ಕೆರೆ, ಹೊಲ, ಗುಂಪು: ಒಳ್ಳೆಯದು
* ದೊಡ್ಡ ನೀರುಹಕ್ಕಿ: ಪರವಾಗಿಲ್ಲ
* ಚಂದ್ರನ ಕಲೆಗಳ ದಾಖಲೆ: ಪರವಾಗಿಲ್ಲ, ಚಂದ್ರ ಸುಮಾರು 110 ಚುಕ್ಕೆ ಅಗಲ ಮೂಡುತ್ತಾನೆ
* ಓಟ, ಕಬಡ್ಡಿ: ಅಭ್ಯಾಸ ಬೇಕು
* ದೂರದ ಸಣ್ಣ ಹಕ್ಕಿ, ರಾತ್ರಿಯ ಕಾರ್ಯಕ್ರಮ: ಆಗದು

ಇದೇ ಪಟ್ಟಿಯನ್ನು ಒಂದು ಮೊಬೈಲ್ ಫೋನಿಗೂ ಮಾಡಿ. ಈಗಿನ ಹಲವು ಫೋನುಗಳು ಬೇಗಬೇಗನೆ ಹಲವು ಚಿತ್ರ ತೆಗೆದು ಒಟ್ಟುಗೂಡಿಸುತ್ತವೆ. ಇದರಿಂದ ಕಡಿಮೆ ಬೆಳಕಿನಲ್ಲಿ ಅವು ಹಳೆಯ ಪುಟ್ಟ ಕ್ಯಾಮರಾವನ್ನು ಮೀರಿಸಬಹುದು. ಆದರೆ ಕಡಿಮೆ ಬೆಲೆಯ ಫೋನುಗಳಲ್ಲಿ ಮಸೂರದ ಝೂಮ್ ಸಾಮಾನ್ಯವಾಗಿ ಇರುವುದಿಲ್ಲ. ಯಾವುದು ಮೇಲು ಎಂದು ಊಹಿಸಬೇಡಿ. ಒಂದೇ ವಸ್ತುವನ್ನು, ಒಂದೇ ದೂರದಿಂದ, ಒಂದೇ ಬೆಳಕಿನಲ್ಲಿ ಎರಡರಿಂದಲೂ ತೆಗೆದು ಹೋಲಿಸಿ. ಬದಲಾಗುವುದು ಕ್ಯಾಮರಾ ಮಾತ್ರ ಆಗಿರಲಿ. ಆಗಲೇ ಅದು ನ್ಯಾಯವಾದ ಪರೀಕ್ಷೆ.

ಚಿತ್ರ ಸಾಕ್ಷಿಯಾಗಬೇಕಾದರೆ

ವಿಜ್ಞಾನದಲ್ಲಿ ಚಿತ್ರ ಅಲಂಕಾರಕ್ಕಲ್ಲ, ಸಾಕ್ಷಿಗೆ. ಕ್ಯಾಮರಾದ ದಿನಾಂಕ, ಸಮಯ ಸರಿಯಾಗಿ ಹೊಂದಿಸಿ. ಚಿತ್ರದೊಳಗೆ ಒಂದು ಅಳತೆ ಪಟ್ಟಿ ಇಡಿ. ಜಾಗ, ದೂರ, ಹವಾಮಾನವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ. ಮೂಲ ಚಿತ್ರವನ್ನು ಅಳಿಸದೆ ಬೇರೆಡೆ ನಕಲು ಇಟ್ಟುಕೊಳ್ಳಿ. 104 ಚುಕ್ಕೆಗಳ ಹಕ್ಕಿಯನ್ನು ನೋಡಿ ಜಾತಿ ಖಚಿತವಾಗದಿದ್ದರೆ 'ಗುರುತಿಸಲಾಗಲಿಲ್ಲ' ಎಂದೇ ಬರೆಯಿರಿ. ಕಾಣದ್ದನ್ನು ಕಂಡೆ ಎಂದು ಬರೆದರೆ ಇಡೀ ಯೋಜನೆಯ ಮೇಲಿನ ನಂಬಿಕೆ ಹೋಗುತ್ತದೆ. ಉಪಕರಣದ ಮಿತಿ ಬಲ್ಲವನೇ ಅದನ್ನು ಸರಿಯಾಗಿ ಬಳಸಬಲ್ಲ.

ಎಚ್ಚರಿಕೆ: ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ಎಂದೂ ನೋಡಬೇಡಿ; ಗ್ರಹಣದ ದಿನವೂ ಬೇಡ. ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಗೂಡಿನಲ್ಲಿರುವ ಹಕ್ಕಿಗಳ ಹತ್ತಿರ ಹೋಗಬೇಡಿ, ಫ್ಲ್ಯಾಶ್ ಹಾಕಬೇಡಿ. ಯಾರದೇ ಚಿತ್ರ ತೆಗೆಯುವ ಮೊದಲು ಅವರ ಒಪ್ಪಿಗೆ ಕೇಳಿ.

ಅಭ್ಯಾಸ

1. ಒಂದು ಕ್ಯಾಮರಾದ ಚಿತ್ರ 2048 × 1536 ಚುಕ್ಕೆಗಳದ್ದು. ಅದು ಎಷ್ಟು ಮೆಗಾಪಿಕ್ಸೆಲ್? ಅಂಗುಲಕ್ಕೆ 300 ಚುಕ್ಕೆಯಂತೆ ಎಷ್ಟು ಅಗಲದ ಮುದ್ರಣ ಸಾಧ್ಯ?
2. ಪಾಠದ ಮಿಂಚುಳ್ಳಿ 20 ಮೀಟರ್ ಬದಲು 5 ಮೀಟರ್ ದೂರದಲ್ಲಿದ್ದರೆ ಅದಕ್ಕೆ ಎಷ್ಟು ಚುಕ್ಕೆಗಳು ಸಿಗುತ್ತವೆ?
3. ಸಂವೇದಕ ಚಿಕ್ಕದಾಗಿರುವುದರ ಒಂದು ಲಾಭ, ಒಂದು ನಷ್ಟ ಬರೆಯಿರಿ.
4. ಸ್ಟಾಪ್‌ವಾಚ್ ಪ್ರಯೋಗವನ್ನು ಹತ್ತು ಬಾರಿ ಏಕೆ ಮಾಡಬೇಕು?
5. ನಿಮ್ಮ ಶಾಲೆಗೆ ಕ್ಯಾಮರಾದಿಂದ ಆಗಬೇಕಾದ ಮೂರು ಕೆಲಸ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಯಾವ ಪರೀಕ್ಷೆ ಮುಖ್ಯ ಎಂದು ಗುಂಪಿನಲ್ಲಿ ಚರ್ಚಿಸಿ, ಫಲಿತಾಂಶವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.